ಬಳಕೆಗೆ ತರಲಾಗಿದೆ

ಜೂನ್ 11

ಪ್ರೀತಿಯ ಪುಟ್ಟು,

ನಿನ್ನ ಅಕ್ಕನಿಗೆ ಕೊನೆಗೂ ಒಂದು ಕುರ್ಚಿ ಸಿಕ್ಕಿದೆ ಕಣೋ. ಹಿಗ್ಗಬೇಡ, ಮಂತ್ರಿ ಕುರ್ಚಿ ಅಲ್ಲ. ಮೂರನೇ ಸಲ ಗೆದ್ದು ಬಂದ ಶಾಸಕಿಗೆ ಏನಾದರೂ ಕೊಡಬೇಕಲ್ಲ ಎಂದು ನಮ್ಮ ಪಕ್ಷದವರು ನನ್ನನ್ನು ಸದನದ ಭರವಸೆಗಳ ಸಮಿತಿಗೆ ಅಧ್ಯಕ್ಷೆ ಮಾಡಿದ್ದಾರೆ. ಹೆಸರು ಕೇಳಿ ನಗಬೇಡ. ಮಂತ್ರಿಗಳು ಸದನದಲ್ಲಿ ಎದ್ದು ನಿಂತು ‘ಮಾಡಿಸುತ್ತೇವೆ’, ‘ಶೀಘ್ರದಲ್ಲೇ ಕ್ರಮ’ ಎಂದೆಲ್ಲ ಹೇಳುತ್ತಾರಲ್ಲ, ಆ ಮಾತುಗಳನ್ನು ಒಂದೂ ಬಿಡದೆ ಬರೆದಿಟ್ಟುಕೊಂಡು, ಆಮೇಲೆ ‘ಏನಾಯ್ತಪ್ಪಾ ಅದು?’ ಎಂದು ಕೇಳುವ ಕೆಲಸ. ಕೇಳುವವರಿಗೂ ಬೇಡ, ಕೇಳಿಸಿಕೊಳ್ಳುವವರಿಗೂ ಬೇಡ. ಕೊಟ್ಟ ಕೋಣೆ ಕ್ಯಾಂಟೀನಿನ ಹಿಂದೆ. ಮಧ್ಯಾಹ್ನವಾದರೆ ತಟ್ಟೆ ತೊಳೆಯುವ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುವುದಿಲ್ಲ. ನಮ್ಮ ಸಚೇತಕರು ಗೊತ್ತಲ್ಲ, ಪಕ್ಷದವರು ಯಾವಾಗ ಕೈ ಎತ್ತಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳುವವರು? ಅವರು ಬಂದು, ‘ಅಕ್ಕಾ, ಇದು ಸ್ವಲ್ಪ ದಿನ ಅಷ್ಟೆ. ಸಂಪುಟ ವಿಸ್ತರಣೆ ಆಗ್ಲಿ, ನಿಮ್ಮ ಹೆಸರೇ ಮೊದಲು’ ಎಂದು ಸಮಾಧಾನ ಮಾಡಿ ಹೋದರು.

ಈಗ ಮುಖ್ಯ ವಿಷಯ. ಮೊದಲ ದಿನ ಕಡತಗಳ ಕಟ್ಟು ಬಿಚ್ಚಿದರೆ ಮೇಲೆಯೇ ನಿನ್ನ ಶಾಲೆ! ಅಂಧ ಹೆಣ್ಣುಮಕ್ಕಳ ಶಾಲೆಗೆ ಆವರಣದೊಳಗೇ ಹೊಸ ಹಾಸ್ಟೆಲ್ ಕಟ್ಟಿಸಿಕೊಡುತ್ತೇವೆ ಎಂದು ಹಿಂದೆ ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು. ಇಲಾಖೆಯಿಂದ ಬಂದ ಉತ್ತರ ಒಂದೇ ಸಾಲು: ‘ಕಾಮಗಾರಿ ಪೂರ್ಣಗೊಳಿಸಿ ಕಟ್ಟಡವನ್ನು ಬಳಕೆಗೆ ತರಲಾಗಿದೆ.’ ನನಗೆ ಕುಣಿಯುವಷ್ಟು ಖುಷಿ. ‘ಈಡೇರಿದೆ’ ಎಂದು ಬರೆದು ಸಹಿ ಹಾಕಿದೆ. ನಾನು ಮುಗಿಸಿದ ಮೊದಲ ಭರವಸೆಯೇ ನನ್ನ ತಮ್ಮನ ಶಾಲೆಯದು. ಇಷ್ಟು ದೊಡ್ಡ ಸಂಗತಿ, ನನಗೊಂದು ಮಾತು ಹೇಳಲಿಲ್ಲವಲ್ಲೋ ಮುಖ್ಯೋಪಾಧ್ಯಾಯರೇ! ಮಕ್ಕಳು ಹೊಸ ಮನೆಗೆ ಒಗ್ಗಿಕೊಂಡರಾ? ಫೋನು ಮಾಡಿದರೆ ‘ಹೂಂ’ ಬಿಟ್ಟು ನಿನ್ನ ಬಾಯಿಂದ ಬೇರೆ ಬರುವುದಿಲ್ಲ. ಬರೆ.

ನಿನ್ನ ಅಕ್ಕ

ಜೂನ್ 22

ಪ್ರೀತಿಯ ಅಕ್ಕ,

ಅಭಿನಂದನೆ. ಕ್ಯಾಂಟೀನಿನ ಹಿಂದೆಯಾದರೂ ಕುರ್ಚಿ ಕುರ್ಚಿಯೇ. ನನ್ನ ‘ಹೂಂ’ಗೆ ಕಾರಣ ನಿನಗೆ ಗೊತ್ತಿಲ್ಲದ್ದೇನಲ್ಲ. ಶಾಲೆಯ ಫೋನು ಇರುವುದು ಆಫೀಸಿನಲ್ಲಿ. ನಾನು ರಿಸೀವರ್ ಎತ್ತಿದರೆ ಗುಮಾಸ್ತರು ಬರೆಯುವುದನ್ನು ನಿಲ್ಲಿಸುತ್ತಾರೆ, ಅಡುಗೆಯಮ್ಮ ಪಾತ್ರೆ ಕೆಳಗಿಡುತ್ತಾರೆ.

ಕಟ್ಟಡದ ಬಗ್ಗೆ ಕೇಳಿದ್ದೀಯ. ಗಟ್ಟಿಯಾಗಿ ಕಟ್ಟಿದ್ದಾರೆ. ಗಾಳಿ, ಬೆಳಕು ಚೆನ್ನಾಗಿದೆ. ದಿನವಿಡೀ ಜನರ ಓಡಾಟ. ಇದಕ್ಕಿಂತ ಹೆಚ್ಚು ಏನು ಬರೆಯಲಿ? ಆ ಉತ್ತರವನ್ನು ನೀನು ನಿಧಾನವಾಗಿ ಓದಿದೆಯಾ ಅಕ್ಕ? ಹೋಗಲಿ ಬಿಡು. ಪರೀಕ್ಷೆ ಬರೆದು ಪಾಸಾಗಿ ಕೆಲಸಕ್ಕೆ ಸೇರಿದವನನ್ನು ‘ಅಕ್ಕನ ಕೃಪೆ’ ಎಂದು ಜನ ಆಡಿಕೊಂಡಾಗ, ಶಾಲೆಯ ವಿಚಾರ ನಿನ್ನ ಹತ್ತಿರ ಎತ್ತುವುದಿಲ್ಲ ಎಂದು ನಾನು, ಕೇಳುವುದಿಲ್ಲ ಎಂದು ನೀನು ಮಾತಾಡಿಕೊಂಡಿದ್ದೆವು. ಹಾಗೇ ಇರಲಿ.

ಮಕ್ಕಳ ವಿಚಾರ ಬರೆದರೆ ತಪ್ಪಿಲ್ಲ. ಆರನೇ ತರಗತಿಯಲ್ಲಿ ಒಬ್ಬಳಿದ್ದಾಳೆ, ಎಲ್ಲದಕ್ಕೂ ವಾದ. ಅವಳನ್ನು ನಾವು ಕರೆಯುವುದೇ ವಕೀಲೆ ಎಂದು. ಮೊನ್ನೆ ಗಣಿತದ ಮೇಷ್ಟ್ರು, ‘ಕಣ್ಣಿಗೆ ಹೊಡೆಯೋ ಹಾಗೆ ತಪ್ಪು ಮಾಡಿದ್ದೀಯಲ್ಲಮ್ಮ’ ಅಂದರು. ‘ಯಾರ ಕಣ್ಣಿಗೆ ಸಾರ್?’ ಅಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ಗಂಟೆ ಹೊಡೆಯಿತು. ಮಕ್ಕಳನ್ನು ರಸ್ತೆ ದಾಟಿಸಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಪುಟ್ಟು

ಜುಲೈ 19

ಪ್ರೀತಿಯ ಪುಟ್ಟು,

ನಿನ್ನ ವಕೀಲೆಯನ್ನು ನನ್ನ ಸಮಿತಿಗೆ ಕಳಿಸಿಕೊಡು. ‘ಯಾರ ಕಣ್ಣಿಗೆ ಸಾರ್’ ಎಂದು ಕೇಳುವವರೇ ಇಲ್ಲ ಇಲ್ಲಿ. ಮಕ್ಕಳನ್ನು ರಸ್ತೆ ದಾಟಿಸಿಕೊಂಡು ಎಲ್ಲಿಗೆ ಹೋಗುತ್ತೀಯ, ಸಂಜೆ ವಾಕಿಂಗಿಗಾ? ಒಳ್ಳೆಯದು.

ನನ್ನ ಕಥೆ ಕೇಳು. ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿದರೆ ಉಪಕಾರ್ಯದರ್ಶಿ ಬರುತ್ತಾರೆ. ಉಪಕಾರ್ಯದರ್ಶಿಯನ್ನು ಕರೆಸಿದರೆ ಕಾಗದ ಬರುತ್ತದೆ. ಸದಸ್ಯರು ಹಾಜರಿ ಹಾಕಿ, ಚಹಾ ಕುಡಿದು, ಯಾರದೋ ಮದುವೆಗೆ ಹೊರಡುತ್ತಾರೆ. ನಮ್ಮವರಿಗೆ ನಮ್ಮದೇ ಸರ್ಕಾರವನ್ನು ಕೇಳಲು ಸಂಕೋಚ; ಎದುರಿನವರಿಗೆ ಪತ್ರಕರ್ತರಿಲ್ಲದ ಕೋಣೆಯಲ್ಲಿ ಕೇಳಿ ಏನು ಸಿಕ್ಕೀತು ಎಂಬ ಲೆಕ್ಕಾಚಾರ. ಕೊನೆಗೆ ಉಳಿಯುವವರು ಇಬ್ಬರೇ. ನಾನು, ಮತ್ತೆ ವಿರೋಧ ಪಕ್ಷದ ಒಬ್ಬ ಹಿರಿಯರು. ಹಿಂದೆ ಮಂತ್ರಿಯಾಗಿದ್ದವರು, ಈಗ ಎಲ್ಲರ ಬಾಯಲ್ಲೂ ‘ತಾತ’. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡರೆ ತಟ್ಟನೆ ಒಂದು ಪ್ರಶ್ನೆ ಕೇಳಿ ಮತ್ತೆ ಕಣ್ಣು ಮುಚ್ಚುತ್ತಾರೆ.

ಮೊನ್ನೆ ಸಚೇತಕರು, ‘ಅಕ್ಕಾ, ಹಳೇ ಕಟ್ಟೆಲ್ಲ ಯಾಕೆ ಬಿಚ್ತೀರಿ? ನಮ್ಮ ಮನೇನ ನಾವೇ ಕೆದಕೋದಾ?’ ಅಂದರು. ನಾನು ಎದುರಾಡಲಿಲ್ಲ. ವಿಸ್ತರಣೆ ಹತ್ತಿರ ಬಂದಿದೆ. ನಿನಗಲ್ಲದೆ ಯಾರಿಗೆ ಹೇಳಲಿ ಪುಟ್ಟು, ನನಗೆ ಆಸೆ ಇದೆ. ಸ್ವಲ್ಪ ದಿನ ಎಲ್ಲರೂ ಬಾಯಿ ಮುಚ್ಚಿಕೊಂಡು ತೆಪ್ಪಗಿದ್ದರೆ ಸಾಕು, ಎಲ್ಲ ಸರಿಹೋಗುತ್ತದೆ.

ಅಕ್ಕ

ಆಗಸ್ಟ್ 3

ಅಕ್ಕ,

ಪತ್ರ ತಲುಪಿತು. ನೀನು ಹೇಳಿದ್ದು ಅರ್ಥವಾಯಿತು. ನನ್ನ ಬಾಯಿಂದ ನಿನಗೆ ತೊಂದರೆ ಬರುವುದಿಲ್ಲ. ನೀನು ಮಂತ್ರಿಯಾದರೆ ನನಗಿಂತ ಹೆಚ್ಚು ಸಂತೋಷಪಡುವವರು ಯಾರಿದ್ದಾರೆ?

ಇಲ್ಲಿ ಎಲ್ಲರೂ ಆರೋಗ್ಯ. ಕೆಲಸ ಜಾಸ್ತಿಯಾಗಿದೆ. ಪತ್ರ ತಡವಾದರೆ ಬೇಸರಪಡಬೇಡ.

ಪುಟ್ಟು

ಆಗಸ್ಟ್ 27

ಪುಟ್ಟು,

ಏನು ಅರ್ಥವಾಯಿತು? ನಾನು ಏನು ಹೇಳಿದೆ? ನಿನ್ನ ಪತ್ರ ಇಲಾಖೆಯ ಉತ್ತರದ ಹಾಗಿದೆ. ವಕೀಲೆಯ ಸುದ್ದಿ ಇಲ್ಲ, ನನ್ನ ಊಟದ ವಿಚಾರಣೆ ಇಲ್ಲ. ನನ್ನ ಆಸೆಯ ಮಾತು ಕೇಳಿ ನಿನಗೆ ನನ್ನ ಮೇಲೆ ಅಸಡ್ಡೆ ಬಂತೇನೋ. ಅಮ್ಮ ಹೋದಾಗ ನೀನು ಆರು ವರ್ಷದವನು, ನನ್ನ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದೆ. ಅಂಥವನಿಗೆ ನನ್ನ ಹತ್ತಿರ ಎಂಥ ಬಿಗುಮಾನ?

ನಾಲ್ಕು ಸಾಲು ಬರೆ, ಬೈದಾದರೂ ಬರೆ.

ಅಕ್ಕ

ಸೆಪ್ಟೆಂಬರ್ 29

ಅಕ್ಕ,

ಬಿಗುಮಾನ ಏನೂ ಇಲ್ಲ. ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗಾಲು ಮುರಿಯಿತು. ಅದಕ್ಕೇ ತಡವಾಯಿತು. ಪ್ಲಾಸ್ಟರ್ ಹಾಕಿದ್ದಾರೆ, ಡಾಕ್ಟರು ಒಳ್ಳೆಯವರು. ಅಡುಗೆಯಮ್ಮ ಊಟ ತಂದುಕೊಡುತ್ತಾರೆ. ಮಕ್ಕಳು ಸರದಿಯ ಮೇಲೆ ಬಂದು ಪಾಠ ಒಪ್ಪಿಸುತ್ತಾರೆ. ಮಂಚದ ಮೇಲೆ ಕೂತೇ ಮುಖ್ಯೋಪಾಧ್ಯಾಯನಾಗಿದ್ದೇನೆ.

ನೀನು ಬರಬೇಡ. ಅಧಿವೇಶನ ಬಿಟ್ಟು ಬರುವಂಥದ್ದೇನೂ ಆಗಿಲ್ಲ.

ಪುಟ್ಟು

ಅಕ್ಟೋಬರ್ 7, ರೈಲಿನಲ್ಲಿ

ಪುಟ್ಟು,

ನಿನ್ನ ಮುಂದೆ ಬಾಯಿ ಬರಲಿಲ್ಲ. ನಿನ್ನ ಹಣೆ ಮುಟ್ಟಿ ಎದ್ದು ಬಂದೆ. ರೈಲು ಹೊರಟ ಮೇಲೆ ಪೆನ್ನು ತೆಗೆದಿದ್ದೇನೆ. 

ಹೇಳದೆ ಬಂದು ನಿನ್ನನ್ನು ಅಚ್ಚರಿಗೊಳಿಸಬೇಕೆಂದಿದ್ದೆ. ಗೇಟಿನಲ್ಲಿ ಕಾವಲುಗಾರನನ್ನು ಹೊಸ ಹಾಸ್ಟೆಲ್ ಎಲ್ಲಿ ಎಂದು ಕೇಳಿದೆ. ತೋರಿಸಿದ. ಬಾಗಿಲ ಮೇಲೆ ಇಲಾಖೆಯ ಜಿಲ್ಲಾ ಕಚೇರಿಯ ಬೋರ್ಡು. ತಪ್ಪಿ ಬಂದೆನೇನೋ ಅಂದುಕೊಂಡೇ ಒಳಗೆ ಹೋದೆ. ಮಂಚ ಇರಬೇಕಾದ ಕಡೆ ಮೇಜು, ಕಪಾಟು. ಮಕ್ಕಳು ಹಿಡಿದು ನಡೆಯಲೆಂದು ಗೋಡೆಯುದ್ದಕ್ಕೂ ಹಾಕಿದ ಕಂಬಿಗೆ ಕೋಟು, ಛತ್ರಿ ನೇತುಹಾಕಿದ್ದಾರೆ. ಪಾದಕ್ಕೆ ದಾರಿ ತಿಳಿಯಲೆಂದು ಕೂರಿಸಿದ ಉಬ್ಬು ಹಂಚಿನ ಮೇಲೆ ಜಮಖಾನ. ಹತ್ತು ವರ್ಷದ ಮಕ್ಕಳ ಎತ್ತರಕ್ಕೆ ಇಟ್ಟ ಬೇಸಿನ್ನಿನಲ್ಲಿ ಒಬ್ಬ ದಪ್ಪನೆಯ ಅಧಿಕಾರಿ ಸೊಂಟ ಬಗ್ಗಿಸಿ, ಉಸ್ಸಪ್ಪಾ ಅಂತ ಕೈ ತೊಳೆಯುತ್ತಿದ್ದರು.

‘ಯಾರು ಬೇಕಿತ್ತು ಮೇಡಂ?’

‘ಮಕ್ಕಳು.’

‘ಮಕ್ಕಳಾ? ಅವರು ರಸ್ತೆ ಆಚೆ ಹಳೇ ಗೋದಾಮಲ್ಲೇ ಇದಾರಲ್ಲ. ನಮ್ಮ ಆಫೀಸ್ ರಿಪೇರಿ ಆಗೋ ತನಕ, ಮೂರು ತಿಂಗಳಿಗೆ ಅಂತ ನಾವಿಲ್ಲಿ ಬಂದ್ವಿ.’

‘ಯಾವಾಗ?’

‘ಎರಡು ವರ್ಷ ಆಯ್ತೇನೋ’ ಅಂದರು ಪಾಪ, ಸ್ವಲ್ಪವೂ ಅಳುಕಿಲ್ಲದೆ. ಅವರಿಗೆ ಅದೊಂದು ವಿಷಯವೇ ಅಲ್ಲ.

ಹೊರಗೆ ಬಂದಾಗ ಶಾಲೆ ಬಿಟ್ಟಿತ್ತು. ಸರಕು ಲಾರಿಗಳು ಒಂದರ ಹಿಂದೊಂದು ನುಗ್ಗುವ ಆ ರಸ್ತೆಯ ನಡುವೆ ನಿನ್ನ ಅಡುಗೆಯಮ್ಮ ಟವೆಲ್ ಬೀಸುತ್ತ ನಿಂತಿದ್ದರು. ಮಕ್ಕಳು ಮುಂದಿನವಳ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ದಾಟುತ್ತಿದ್ದರು. ಹಾರ್ನ್ ಸದ್ದಿಗೆ ಒಬ್ಬಳು ಕಿವಿ ಮುಚ್ಚಿಕೊಂಡಳು, ಸಾಲು ಕಡಿಯಿತು. ನಾನು ಓಡಿಹೋಗಿ ಕೈ ಹಿಡಿದೆ. ಆಚೆ ದಡ ಸೇರಿದ ಮೇಲೆ, ‘ನಿಮ್ಮ ಕೈ ಹೊಸದು, ಯಾರು ನೀವು?’ ಅಂದಳು. ಮುಖ್ಯೋಪಾಧ್ಯಾಯರ ಅಕ್ಕ, ಅವರು ಮೆಟ್ಟಿಲಲ್ಲಿ ಬಿದ್ದರಲ್ಲ, ನೋಡಲು ಬಂದೆ ಅಂದೆ. ‘ಮೆಟ್ಟಿಲಾ? ಯಾರು ಹೇಳಿದ್ದು? ಲಾರಿ ಹಿಂದಕ್ಕೆ ಬಂತು. ನಮ್ಮನ್ನೆಲ್ಲ ಅವರು ಆಚೆ ತಳ್ಳಿದ್ರು. ಕಾಲು ಮುರಿದ ಸದ್ದು ನಾನೇ ಕೇಳಿದೀನಿ.’ ಅದೇ ನಿನ್ನ ವಕೀಲೆ.

ನೀನು ಮಂಚದ ಮೇಲಿಂದ, ‘ಬಂದ್ಯಾ ಅಕ್ಕ, ಊಟ ಆಯ್ತಾ?’ ಅಂದೆ. 

ಯಾಕೆ ಹೇಳಲಿಲ್ಲ? ನಾನು ಸಹಿ ಹಾಕಿದ್ದು ಗೊತ್ತಿದ್ದೂ ಯಾಕೆ ಹೇಳಲಿಲ್ಲ? ನಿನ್ನ ಅಕ್ಕನನ್ನು ನಂಬಲಾರದಷ್ಟು ಏನು ಮಾಡಿದೆ ನಾನು?

ಅಕ್ಟೋಬರ್ 14

ಅಕ್ಕ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಓದಿದ ಪ್ರತಿ ಸಲವೂ ನಾಚಿಕೆಯಾಯಿತು, ಆದರೆ ಹಗುರವೂ ಆಯಿತು.

ನಿನಗೆ ಗೊತ್ತಿಲ್ಲ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಸದನದ ಕಾಗದ, ನಿನ್ನದೇ ಸಮಿತಿ, ನಿನ್ನದೇ ಸರ್ಕಾರ. ಅಲ್ಲಿ ಕೂತವರಿಗೆ ಎಲ್ಲ ತಿಳಿದಿರುತ್ತದೆ ಎಂದೇ ನಮ್ಮಂಥವರು ಅಂದುಕೊಳ್ಳುವುದು. ನೀನು ಅಷ್ಟು ಸಂತೋಷದಿಂದ ‘ಈಡೇರಿದೆ’ ಎಂದು ಬರೆದಾಗ, ಅಕ್ಕ ಏನೋ ಕಷ್ಟಕ್ಕೆ ಹೀಗೆ ಮಾಡಿದ್ದಾಳೆ, ಸುಮ್ಮನಿರು ಎಂದು ನನಗೆ ಸುಳಿವು ಕೊಡುತ್ತಿದ್ದಾಳೆ ಅಂದುಕೊಂಡೆ. ರಸ್ತೆಯ ಮಾತು ಎತ್ತಿ ನೋಡಿದೆ. ನೀನು ವಾಕಿಂಗಾ ಎಂದು ಕೇಳಿದೆ. ಆಮೇಲೆ ‘ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕು’ ಎಂದು ಬರೆದೆ. ಅದು ನನಗೇ ಹೇಳಿದ್ದು ಎಂದು ನಾನು ಹಟ ಹಿಡಿದು ನಂಬಿದೆ. ನೀನು ಅಂಥವಳಲ್ಲ ಎಂದು ಒಳಗೊಂದು ದನಿ ಹೇಳುತ್ತಲೇ ಇತ್ತು. ಕೇಳಿಸಿಕೊಳ್ಳಲಿಲ್ಲ. ಕ್ಷಮಿಸು.

ಸುಮ್ಮನೆ ಕೂತಿರಲಿಲ್ಲ ಅಕ್ಕ. ಜಿಲ್ಲಾ ಅಧಿಕಾರಿಗೆ ಬಾಯಲ್ಲಿ ಹೇಳಿದೆ, ಬರೆದು ಕೊಟ್ಟೆ. ಕೊನೆಯ ಸಲ ಹೋದಾಗ, ‘ಅಕ್ಕನ ಬಲ ಇದೆ ಅಂತ ಹೆದರಿಸ್ತಿದ್ದೀರಾ ಮೇಷ್ಟ್ರೇ?’ ಅಂದರು. ಆ ಮಾತು ಕೇಳಿದ ಮೇಲೆ ನಿನಗೆ ಬರೆಯಲು ಮನಸ್ಸಾಗಲಿಲ್ಲ. ಶಾಸಕರ ಹತ್ತಿರ ನೇರವಾಗಿ ದೂರು ಒಯ್ಯುವಂತಿಲ್ಲ ಎಂಬ ನಿಯಮ ಬೇರೆ. ಅಭಿಮಾನಕ್ಕೆ ನಿಯಮದ ಆಸರೆ ಸಿಕ್ಕಿತು.

ಇನ್ನೊಂದು ಮಾತು. ಮಕ್ಕಳಿಗೆ ವ್ಯಾಕರಣ ಹೇಳುವಾಗ ಯಾವ ವಾಕ್ಯ ಕೊಟ್ಟರೂ ‘ಕರ್ತೃ ಯಾರು?’ ಎಂದು ಕೇಳುತ್ತೇನೆ. ‘ಬಳಕೆಗೆ ತರಲಾಗಿದೆ’ ಎಂಬುದರಲ್ಲಿ ಸುಳ್ಳು ಎಲ್ಲಿದೆ ಹೇಳು? ಕಟ್ಟಡ ಬಳಕೆಯಲ್ಲಿದೆ, ನಿಜ. ತಂದವರು ಯಾರು, ಬಳಸುವವರು ಯಾರು, ಎರಡೂ ಇಲ್ಲ. ಅದನ್ನು ಕೇಳುವುದು ನಿನ್ನ ಕೆಲಸ ಅಲ್ಲವೇ? ನನ್ನ ಕಾಲಿಗಾಗಿ ಬೇಡ. ಮಕ್ಕಳಿಗಾಗಿ ಕೇಳು.

ಪುಟ್ಟು

ಅಕ್ಟೋಬರ್ 21

ಪುಟ್ಟು,

ಮುಚ್ಚಿದ್ದನ್ನು ತೆರೆದಿದ್ದೇನೆ. ನಿಮ್ಮ ಕಟ್ಟಡದ ಭರವಸೆ ಈಡೇರಿಲ್ಲ ಎಂದು ಬರೆದು, ಇಲಾಖೆಯ ಕಾರ್ಯದರ್ಶಿಯೇ ಖುದ್ದಾಗಿ ಬರಬೇಕೆಂದು ಹೇಳಿಕಳಿಸಿದ್ದೇನೆ. ನಿನಗೂ ಸಾಕ್ಷಿ ಹೇಳಲು ಕರೆ ಬರುತ್ತದೆ. ಸಮಿತಿ ಕರೆದಾಗ ಬಂದು ನಿಜ ಹೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಸಚೇತಕರು ನಿನ್ನೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ‘ಅಕ್ಕಾ, ಮಂತ್ರಿಗಳ ಇಲಾಖೆ ಸಮಿತಿಗೆ ತಪ್ಪು ಉತ್ತರ ಕೊಡ್ತು ಅಂತ ನಾವೇ ತೋರ್ಸಿದ್ರೆ ಹೇಗೆ? ಫೋನ್ ಮಾಡಿ ಖಾಲಿ ಮಾಡಿಸ್ಕೊಡ್ತೀವಿ, ಬಿಡಿ’ ಅಂದರು. ಒಂದು ಗಳಿಗೆ ಮನಸ್ಸು ಹೊಯ್ದಾಡಿತು, ಸುಳ್ಳು ಯಾಕೆ ಹೇಳಲಿ. ಫೋನಿನಲ್ಲೇ ಆಗುವುದಾದರೆ ಆಗಲಿ ಅನ್ನಿಸಿತು. ಆಮೇಲೆ, ಶಾಸಕಿ ಅಕ್ಕ ಇಲ್ಲದ ಮುಖ್ಯೋಪಾಧ್ಯಾಯರು ಎಷ್ಟು ಜನ ಎಂದು ಯೋಚನೆ ಬಂತು. ಅವರಿಗೆ ಯಾರು ಫೋನು ಮಾಡಿಸುತ್ತಾರೆ? ಆಗಲ್ಲ ಅಂದೆ. ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೋದರು.

ನನ್ನ ತಮ್ಮ ಸಾಕ್ಷಿಯಾದ ಮೇಲೆ ನಾನು ಆ ಕುರ್ಚಿಯಲ್ಲಿ ಕೂರುವುದು ಸರಿಯಲ್ಲ. ಈ ಒಂದು ವಿಚಾರಣೆಗೆ ತಾತನನ್ನು ಅಧ್ಯಕ್ಷರಾಗಲು ಕೇಳಿಕೊಂಡಿದ್ದೇನೆ. ವಿಚಾರಣೆ ಮುಗಿದು ವರದಿ ಸದನದ ಮುಂದೆ ಬರುವ ತನಕ ನಾನು ನಿನಗೆ ಬರೆಯುವುದಿಲ್ಲ, ನೀನೂ ಬರೆಯಬೇಡ. ಅಕ್ಕ ಹೇಳಿಕೊಟ್ಟದ್ದನ್ನು ತಮ್ಮ ಒಪ್ಪಿಸಿದ ಎಂಬ ಮಾತು ಬರಬಾರದು. ಕಾಲು ನೋಡಿಕೋ. ಊರುಗೋಲಿನ ತುದಿಗೆ ರಬ್ಬರ್ ಹಾಕಿಸು, ನಮ್ಮ ಕಾರಿಡಾರಿನ ಕಲ್ಲು ಜಾರುತ್ತದೆ.

ಅಕ್ಕ

ಜನವರಿ 30

ನನ್ನ ಪುಟ್ಟು,

ಕೊನೆಗೂ ಬರೆಯಬಹುದು. ನಿನ್ನೆ ವರದಿ ಮಂಡನೆಯಾಯಿತು.

ಮೊದಲು ಆ ದಿನದ ಮಾತು. ನೀನು ಎರಡು ಊರುಗೋಲಿನ ಮೇಲೆ ಟಕ್ ಟಕ್ ಎಂದು ಬಂದೆ. ನಾನು ನನ್ನದೇ ಸಮಿತಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನೀನು ಕತ್ತು ಒಂಚೂರೂ ತಿರುಗಿಸದೆ ಒಳಗೆ ಹೋದೆ! ನಿಯಮವನ್ನು ಅಷ್ಟೂ ಪಾಲಿಸಬೇಕಿತ್ತೇನೋ? ಹೊರಗೆ ಬಂದ ಮೇಲೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ನಾನು ನೀರಿನ ಬಾಟಲಿ ನಿನ್ನ ಕಡೆ ಸರಿಸಿದೆ. ನೀನು ಕುಡಿದು ನನ್ನ ಕಡೆ ಸರಿಸಿದೆ. ಅಷ್ಟೇ. ಅಷ್ಟಕ್ಕೇ ನನಗೆ ಒಂದು ತಿಂಗಳಿಗಾಗುವಷ್ಟು ಮಾತಾಡಿದ ಹಾಗಾಯಿತು.

ಒಳಗೆ ನಡೆದದ್ದನ್ನು ಆಮೇಲೆ ನಡಾವಳಿಯಲ್ಲಿ ಓದಿದೆ. ತಾತ ಕಣ್ಣು ಮುಚ್ಚಿಕೊಂಡೇ ಕೇಳಿದರಂತೆ: ‘ಬಳಕೆಗೆ ತರಲಾಗಿದೆ ಅಂತ ಬರೆದಿದ್ದೀರಿ. ಯಾರ ಬಳಕೆಗೆ?’ ಕಾರ್ಯದರ್ಶಿ, ‘ಇಲಾಖೆಯ ಬಳಕೆಗೆ’ ಅಂದರಂತೆ. ‘ಸದನದಲ್ಲಿ ಮಾತು ಕೊಟ್ಟಿದ್ದು ಇಲಾಖೆಗೋ, ಮಕ್ಕಳಿಗೋ?’  ನಿನ್ನನ್ನು, ‘ಯಾರ ಮೇಲೆ ಏನು ಕ್ರಮ ಆಗ್ಬೇಕು ಮೇಷ್ಟ್ರೇ?’ ಎಂದು ಕೇಳಿದ್ದಕ್ಕೆ, ‘ಕ್ರಮ ನಿಮಗೆ ಬಿಟ್ಟಿದ್ದು ಸಾರ್. ನನಗೆ ಬೀಗದ ಕೈ ಬೇಕು’ ಅಂದೆಯಂತೆ. ಆ ಸಾಲು ಓದುವಾಗ ಅಮ್ಮ ಇರಬೇಕಿತ್ತು ಅನ್ನಿಸಿತು.

ತಾತ ಸಂಜೆ ನನ್ನ ಹತ್ತಿರ ಬಂದು, ‘ನಾನು ಮಂತ್ರಿಯಾಗಿದ್ದಾಗ ಬರೆದುಕೊಟ್ಟಿದ್ದನ್ನ ಓದ್ತಿದ್ದೆ ಕಣಮ್ಮ. ಯಾರೂ ತಿರುಗಿ ಕೇಳ್ಲಿಲ್ಲ. ಕೇಳಿದ್ದಿದ್ರೆ ನನಗೂ ಒಳ್ಳೇದಾಗ್ತಿತ್ತು’ ಅಂದರು.

ನಿನ್ನೆಯ ಕಥೆ ಸಣ್ಣದು. ಅಧಿವೇಶನದ ಕೊನೆಯ ಗಂಟೆಗೆ ನಮ್ಮ ವರದಿ ಬಂತು. ಅರ್ಧ ಸದನ ಖಾಲಿ. ಚರ್ಚೆಗೆ ಸಮಯ ಇಲ್ಲ ಎಂದರು ಸಭಾಧ್ಯಕ್ಷರು. ನಾನು ಎದ್ದು ನಿಂತೆ. ಸಚೇತಕರು ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡುತ್ತಲೇ ಇದ್ದರು. ‘ಇದಕ್ಕೆ ಈಡೇರಿದೆ ಅಂತ ಸಹಿ ಹಾಕಿದವಳು ನಾನೇ. ಹೋಗಿ ನೋಡದೆ ಹಾಕಿದೆ. ನಾವ್ಯಾರೂ ಹೋಗಿ ನೋಡೋದಿಲ್ಲ’ ಎಂದೆ. ಅಷ್ಟರಲ್ಲಿ ಮೈಕು ಆರಿತು. ಪತ್ರಿಕೆಗಳಲ್ಲಿ ಒಂದು ಸಾಲೂ ಬಂದಿಲ್ಲ. ಇವತ್ತು ಸಂಪುಟಕ್ಕೆ ಸೇರುವವರ ಪಟ್ಟಿ ಬಂತು. ನನ್ನ ಹೆಸರಿಲ್ಲ. ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ, ನಿನಗೆ ಹೇಳಲು ನಾಚಿಕೆಯಿಲ್ಲ. ಆಮೇಲೆ ಮುಖ ತೊಳೆದು ಈ ಕೋಣೆಗೇ ಬಂದೆ. ಕುರ್ಚಿಯನ್ನಂತೂ ಇನ್ನೂ ಕಿತ್ತುಕೊಂಡಿಲ್ಲ. ‘ಈಡೇರಿದೆ’ ಎಂದು ಮುಚ್ಚಿದ್ದನ್ನೆಲ್ಲ ಮತ್ತೆ ತೆಗೆದಿದ್ದೇನೆ. ಮುಂದಿನ ವಾರ ಒಂದು ಸೇತುವೆ ನೋಡಲು ಹೋಗುತ್ತಿದ್ದೇವೆ, ನಾನು, ತಾತ. ಅಲ್ಲಿ ಸೇತುವೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು.

ನಿಮ್ಮ ಕಟ್ಟಡದ ವಿಚಾರ ಇನ್ನೂ ಏನೂ ತಿಳಿದಿಲ್ಲ. ಅದೊಂದು ಸಂಕಟ ಉಳಿದಿದೆ.

ನಿನ್ನ ಅಕ್ಕ

ಫೆಬ್ರವರಿ 12

ಅಕ್ಕ,

ಬೀಗದ ಕೈ ನನ್ನ ಜೇಬಿನಲ್ಲಿದೆ.

ಯಾರೂ ಏನೂ ಹೇಳಲಿಲ್ಲ. ವರದಿ ಮಂಡನೆಯಾಗುವ ಹಿಂದಿನ ದಿನವೇ ಎರಡು ಲಾರಿ ಬಂದು ಮೇಜು, ಕಪಾಟು ತುಂಬಿಕೊಳ್ಳತೊಡಗಿದವು. ಮತ್ತೆ ಎಲ್ಲಾದರೂ ನಿಂತೀತು ಎಂಬ ಭಯಕ್ಕೆ ನಿನಗೆ ಬರೆಯಲಿಲ್ಲ. ಅವರ ಆಫೀಸಿನ ರಿಪೇರಿ ಯಾವಾಗಲೋ ಮುಗಿದಿತ್ತಂತೆ, ಅಲ್ಲಿ ಫ್ಯಾನು ಸರಿಯಿರಲಿಲ್ಲವಂತೆ! ದಪ್ಪನೆಯ ಅಧಿಕಾರಿ ಹೋಗುವಾಗ ನನ್ನ ಕೈಗೆ ಬೀಗದ ಕೈಗಳ ಗೊಂಚಲು ಕೊಟ್ಟು, ‘ನಿಮಗೇ ಅಂತ ಕಟ್ಟಿದ್ದು ಅಂತ ನಿಜವಾಗ್ಲೂ ನನಗೆ ಯಾರೂ ಹೇಳಿರ್ಲಿಲ್ಲ ಮೇಷ್ಟ್ರೇ’ ಅಂದರು. ನಂಬಿದೆ. ಚಹಾ ಕೊಟ್ಟೆ.

ಭಾನುವಾರ ಮಕ್ಕಳನ್ನು ಒಳಗೆ ಬಿಟ್ಟೆ.  ಎಲ್ಲರೂ ಚಪ್ಪಲಿ ಬಿಟ್ಟು, ಉಬ್ಬು ಹಂಚಿನ ಮೇಲೆ ಪಾದ ಉಜ್ಜುತ್ತ, ಕಂಬಿ ಸವರುತ್ತ, ಕಿಟಕಿಯ ಚಿಲಕ ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು. ಸಣ್ಣವಳೊಬ್ಬಳು ಬೇಸಿನ್ನಿನ ಮುಂದೆ ನಿಂತು, ‘ಸಾರ್, ಇದು ನನ್ನಷ್ಟೇ ಇದೆ!’ ಎಂದು ಕಿರುಚಿದಳು. ಅದರ ಮೇಲೆ ಶುರುವಾಯಿತು ನೋಡು ಗಲಾಟೆ.

ವಕೀಲೆ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ‘ಇಲ್ಲಿಂದ ತರಗತಿಗೆ ಹೋಗೋಕೆ ಯಾರು ಕರ್ಕೊಂಡು ಹೋಗ್ತಾರೆ?’ ಎಂದು ಕೇಳಿದಳು. ಯಾರೂ ಬೇಕಿಲ್ಲ, ಕಂಬಿ ಹಿಡಿದು ನೆಟ್ಟಗೆ ಹೋದರೆ ಶಾಲೆಯೇ ಅಂದೆ. ನಂಬಲಿಲ್ಲ. ಒಬ್ಬಳೇ ಹೋದಳು, ಬಂದಳು, ಮತ್ತೆ ಹೋದಳು. ವಾದ ಮಾಡದೆ ಒಪ್ಪಿಕೊಂಡಿದ್ದು ಇದೇ ಮೊದಲು.

ನಿನ್ನ ಹೆಸರು ಪಟ್ಟಿಯಲ್ಲಿ ಇಲ್ಲದ್ದಕ್ಕೆ ನನಗೆ ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ನೀನು ಅತ್ತದ್ದನ್ನು ಓದಿ ನಾನೂ ಅತ್ತೆ. ನಿನ್ನ ಪಕ್ಕ ಇರಬೇಕಿತ್ತು. ಮುಂದಿನ ತಿಂಗಳು ಊರುಗೋಲು ಬಿಡಬಹುದು ಎಂದಿದ್ದಾರೆ ಡಾಕ್ಟರು. ಆಮೇಲೆ ಮೊದಲು ಬರುವುದು ನಿನ್ನ ಹತ್ತಿರಕ್ಕೇ.

ಸೋಮವಾರ ಬೆಳಿಗ್ಗೆ ಗಂಟೆ ಹೊಡೆಯಿತು. ನಾನು ಅಭ್ಯಾಸಬಲದಿಂದ ಊರುಗೋಲು ಹಾಕಿಕೊಂಡು ಗೇಟಿನ ಆಚೆ, ರಸ್ತೆಯ ಅಂಚಿಗೆ ಹೋಗಿ ನಿಂತೆ. ಲಾರಿಗಳು ಒಂದರ ಹಿಂದೊಂದು ಹೋದವು. ತುಂಬ ಹೊತ್ತು ನಿಂತಿದ್ದೆ. ನನ್ನ ಕೈ ಹಿಡಿಯಲು ಯಾರೂ ಬರಲಿಲ್ಲ ಅಕ್ಕ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ನಿನ್ನ ಪುಟ್ಟು